ಕಿವುಡರ ಗುರು ಲೆಪೆ

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿಗಳಂಥ ಊರುಗಳಲ್ಲಿಯೂ ಮೊಬೈಲು ಮನೆಮಾತಾಗಿರುವ ಈ ಕಾಲದಲ್ಲಿ, ಅದರ ಮೂಲಕ ಕಿವುಡರಿಗೆ ಓದುಬರಹವನ್ನೂ ವ್ಯವಹಾರಜ್ಞಾನವನ್ನೂ ಕಲಿಸುವ ಸಾಧನಗಳನ್ನು ರಚಿಸಹೊರಟವರು ಫ್ರಾನ್ಸ ದೇಶದ ಲೆಪೆಯ ಚರಿತ್ರವನ್ನು ಮನನ ಮಾಡತಕ್ಕದ್ದು.

ಶಾರ್ಲ್ ಮಿಶೆಲ್ ದ ಲೆಪೆಯು 1712ರಲ್ಲಿ ವರ್ಸಾಯಿಯಲ್ಲಿ ಜನಿಸಿ, ಮುಂದೆ ಕ್ರೈಸ್ತ ಪಾದ್ರಿಯಾದನು. 1760ರ ಸುಮಾರಿಗೆ ಪ್ಯಾರಿಸಿನಲ್ಲಿ ಇಬ್ಬರು ಕಿವುಡ ಸೋದರಿಯರ ಪರಿಚಯವು ಅವನ ಜೀವನದ ದಾರಿಯನ್ನೇ ತಿರುಗಿಸಿತು. ಕಿವುಡರಿಗೆ ಬಾಯಿಮಾತನ್ನು ಕಲಿಸುವದೇ ವಿದ್ಯೆಯೆಂದು ಅನೇಕ ಪಂಡಿತರು ನಂಬಿದ್ದ ಕಾಲವದು. ಲೆಪೆಯಾದರೋ, ಕಣ್ಣಿನ ದ್ವಾರದಿಂದಲೇ ಜ್ಞಾನವು ಒಳಹೋಗಬಲ್ಲದೆಂದು ತಿಳಿದು, ಕಿವುಡರಿಂದ ಅವರ ಸನ್ನೆಗಳನ್ನು ತಾನೇ ಕಲಿತನು. ಬಡವರ ಮಕ್ಕಳಿಗೆ ಶುಲ್ಕವಿಲ್ಲದೆ ಪಾಠ ಹೇಳಿದನು. 1789ರಲ್ಲಿ ಅವನು ತೀರಿಕೊಂಡನು. 1791ರಲ್ಲಿ ಫ್ರಾನ್ಸದ ರಾಷ್ಟ್ರಸಭೆಯು ಆ ಶಾಲೆಯ ಭಾರವನ್ನು ವಹಿಸಿಕೊಂಡಿತು.

ಆದರೆ ಅವನ ಪದ್ಧತಿಯಲ್ಲಿ ಒಂದು ಕೊರತೆಯಿದ್ದಿತು. ಫ್ರೆಂಚ್ ವ್ಯಾಕರಣದ ರೂಪಗಳಿಗೆಲ್ಲ ಅವನು ಹೊಸ ಸನ್ನೆಗಳನ್ನು ಕಲ್ಪಿಸಿದನು. ಶಿಷ್ಯರು ಅವನ್ನು ನೋಡಿ ಉಕ್ತಲೇಖನವನ್ನು ಚೆನ್ನಾಗಿ ಬರೆದರು. ಸ್ವಂತ ವಿಚಾರವನ್ನು ಬರೆಯಹೋದಾಗ ತಡವರಿಸಿದರು. ಮುಂದಿನ ಗುರುಗಳು ಆ ಕೃತಕ ಸನ್ನೆಗಳನ್ನು ಕೈಬಿಟ್ಟರು.

ಭಾರತೀಯ ಸನ್ನೆಭಾಷೆಯ ಕೋಶವು 2021ರಲ್ಲಿ 10,000 ಶಬ್ದಗಳಿಗೆ ಬೆಳೆದುದು ಸಂತೋಷದ ಸಂಗತಿ. ಆದರೆ ಆ ಭಾಷೆಗೆ ತನ್ನದೇ ಆದ ವ್ಯಾಕರಣವುಂಟು. ಕನ್ನಡದ ವಿಭಕ್ತಿಗಳನ್ನು ಒಂದೊಂದಾಗಿ ಸನ್ನೆಗಿಳಿಸಿ ಪರದೆಯ ಮೇಲೆ ತೋರಿಸಿದರೆ ಲೆಪೆಯ ತಪ್ಪೇ ಮರುಕಳಿಸುವದು. ಸಾಧನವನ್ನು ರಚಿಸುವ ಮೊದಲ ದಿನದಿಂದಲೇ ನಮ್ಮ ಊರುಗಳ ಕಿವುಡರನ್ನು ಗುರುಸ್ಥಾನದಲ್ಲಿ ಕೂಡ್ರಿಸಿಕೊಳ್ಳಬೇಕೆಂದು ನಾವು ಆಗ್ರಹಪೂರ್ವಕವಾಗಿ ಸೂಚಿಸುತ್ತೇವೆ.