ಪುಸ್ತಕ ಮಾರಿ ಪ್ರಾಣಿ ಉಳಿಸಿದವನು

ಜೆರಾಲ್ಡ್ ಡರೆಲ್ ಅಂದರೆ ನಗಿಸುವ ಪುಸ್ತಕಗಳ ಲೇಖಕ ಅಂತ ನಮ್ಮಲ್ಲಿ ಹಲವರಿಗೆ ಗೊತ್ತು. ಆತ ಹುಟ್ಟಿದ್ದು ನಮ್ಮ ಜಮ್ಶೆಡ್‌ಪುರದಲ್ಲಿ, 1925ರ ಜನವರಿ 7ರಂದು. ಇಂಜಿನಿಯರಾಗಿದ್ದ ತಂದೆ 1928ರಲ್ಲಿ ತೀರಿಕೊಂಡ ಮೇಲೆ ಸಂಸಾರ ಇಂಗ್ಲೆಂಡಿಗೆ ಹೋಯಿತು. 1935ರಿಂದ 1939ರವರೆಗೆ ಗ್ರೀಸಿನ ಕಾರ್ಫು ದ್ವೀಪದಲ್ಲಿ ವಾಸ. ಶಾಲೆಯ ಓದು ಅಷ್ಟಕ್ಕಷ್ಟೆ. ಹುಳ, ಹಕ್ಕಿ, ಆಮೆಗಳೇ ಅವನ ಪಾಠಶಾಲೆ.

ಇಪ್ಪತ್ತೊಂದು ತುಂಬಿದಾಗ ಪಿತ್ರಾರ್ಜಿತವಾಗಿ 3,000 ಪೌಂಡು ಕೈಗೆ ಬಂತು. ಆತ ಮನೆ ಕಟ್ಟಲಿಲ್ಲ, ಅಂಗಡಿ ಹಾಕಲಿಲ್ಲ. 1947ರಲ್ಲಿ ಆಫ್ರಿಕಾದ ಕ್ಯಾಮರೂನಿಗೆ ಹೋಗಿ ಪ್ರಾಣಿಗಳನ್ನು ಹಿಡಿದು ತಂದು ಮೃಗಾಲಯಗಳಿಗೆ ಮಾರಿದ. ಹೌದು, ಮಾರಿದ! ಇದನ್ನು ಮುಚ್ಚಿಟ್ಟು ಅವನ ಕಥೆ ಹೇಳುವುದು ನನಗೆ ಸರಿ ಕಾಣುವುದಿಲ್ಲ. ಮೂರು ಪ್ರವಾಸಗಳಲ್ಲಿ ಗಂಟು ಕರಗಿತು. ಅಣ್ಣ ಲಾರೆನ್ಸ್ ಆಗಲೇ ಸಾಹಿತಿ. ಬರೆಯೋ ತಮ್ಮಾ ಅಂತ ಒತ್ತಾಯಿಸಿದ, ಹೆಂಡತಿಯೂ ದನಿಗೂಡಿಸಿದಳು. 1953ರಲ್ಲಿ ಮೊದಲ ಪುಸ್ತಕ ಬಂತು. 1956ರಲ್ಲಿ ಕಾರ್ಫುವಿನ ಬಾಲ್ಯದ ಪುಸ್ತಕ ಬಂದಾಗ ಓದುಗರು ಮುಗಿಬಿದ್ದರು.

ಇಲ್ಲಿಂದ ಅವನ ಬಾಳು ತಿರುಗಿತು. ಅಳಿವಿನ ಅಂಚಿನ ಪ್ರಾಣಿಗಳಿಗೆ ಮೃಗಾಲಯ ಪ್ರದರ್ಶನದ ಸ್ಥಳವಾಗದೆ ತವರುಮನೆಯಾಗಬೇಕು, ಅಲ್ಲಿ ಸಂತಾನ ಬೆಳೆದು ಮತ್ತೆ ಕಾಡಿಗೆ ಮರಳಬೇಕು ಎಂಬುದು ಅವನ ಹಟ. ಮುಂದೆ ಬರೆಯಲಿರುವ ಪುಸ್ತಕಗಳನ್ನು ನಂಬಿ ಪ್ರಕಾಶಕರೇ ಸಾಲಕ್ಕೆ ಜಾಮೀನು ನಿಂತರು. 1959ರಲ್ಲಿ ಜರ್ಸಿ ದ್ವೀಪದಲ್ಲಿ ಮೃಗಾಲಯ ತೆರೆಯಿತು. 1963ರಲ್ಲಿ ಅದನ್ನು ಟ್ರಸ್ಟಿಗೆ ಒಪ್ಪಿಸಿದ. ಸಾಲವನ್ನು ಮಾತ್ರ ತನ್ನ ಹೆಗಲಿಗೇ ಹಾಕಿಕೊಂಡ. ತೀರಿಸಲು ಮತ್ತೆ ಬರೆದ, ಬರೆಯುತ್ತಲೇ ಹೋದ. ಮಾರಿಷಸ್ಸಿನಲ್ಲಿ ಮನುಷ್ಯನಿಂದ ನಿರ್ನಾಮವಾದ ಡೋಡೋ ಹಕ್ಕಿಯೇ ಟ್ರಸ್ಟಿನ ಲಾಂಛನವಾಯಿತು.

1976ರಲ್ಲಿ ಅದೇ ಮಾರಿಷಸ್ಸಿಗೆ ಹೋಗಿ ಅಪರೂಪದ ಗುಲಾಬಿ ಪಾರಿವಾಳಗಳನ್ನು ಸಂತಾನವೃದ್ಧಿಗೆಂದು ತಂದ. 1990ರ ಸುಮಾರಿಗೆ ಅಲ್ಲಿನ ಕಾಡಿನಲ್ಲಿ ಹತ್ತರಷ್ಟು ಮಾತ್ರ ಉಳಿದಿದ್ದವು, ಇಂದು ನೂರಾರಿವೆ. ಡರೆಲ್ 1995ರ ಜನವರಿ 30ರಂದು ತೀರಿಕೊಂಡ. ಮರುವರ್ಷವೇ ಅವನ ಟ್ರಸ್ಟಿನ ನೆರವಿನಿಂದ ಅಸ್ಸಾಮಿನಲ್ಲಿ ಕುಬ್ಜ ಹಂದಿಗಳ ಸಂತಾನವೃದ್ಧಿ ಆರಂಭವಾಯಿತು. 2008ರಿಂದ ಅವನ್ನು ಹುಲ್ಲುಗಾವಲಿಗೆ ಬಿಡುತ್ತಿದ್ದಾರೆ. ಹುಟ್ಟಿದ ನಾಡಿನ ಋಣ ಹೀಗೂ ತೀರುತ್ತದೆ ನೋಡಿ.

ಈ ಕೆಲಸಕ್ಕೆ ಬುನಾದಿಯಾದ ದುಡ್ಡು ರಾಜರದಲ್ಲ. ರೈಲಿನಲ್ಲಿ ಓದಲು ಪುಸ್ತಕ ಕೊಂಡವರದು, ಭಾನುವಾರ ಮಕ್ಕಳಿಗೆ ಟಿಕೆಟ್ ತೆಗೆಸಿದವರದು. ಅವರಲ್ಲಿ ಎಷ್ಟೋ ಜನ ಪಾರಿವಾಳವನ್ನು ನೆನೆದೂ ಇರಲಾರರು. ಹಾಗಂತ ಕೊಂಡದ್ದೆಲ್ಲ ಪುಣ್ಯವೆಂದು ನಾನು ಹೇಳುವುದಿಲ್ಲ. ಹುಲಿಯ ಚಿತ್ರವಿದ್ದ ಮಾತ್ರಕ್ಕೆ ಬನಿಯನ್ನು ಹುಲಿಯನ್ನು ಉಳಿಸದು. ಇಲ್ಲಿ ಕೊಂಡವನ ಕಾಸಿಗೂ ಕಾಡಿನ ಹಕ್ಕಿಗೂ ನಡುವೆ, ಸಾಲ ಹೊತ್ತು ಬರೆಯುತ್ತ ಕೂತ ಒಬ್ಬ ಮನುಷ್ಯನಿದ್ದ. ನಾವು ವಿದ್ಯಾರ್ಥಿಗಳು, ಜೇಬು ಸಣ್ಣದು. ಆದರೂ ಕೊಡುವ ಮುನ್ನ ಈ ದುಡ್ಡು ಯಾರ ಕೈ ಸೇರುತ್ತದೆ ಅಂತ ಕೇಳಲು ಖರ್ಚೇನೂ ಇಲ್ಲವಲ್ಲ!