ಜ್ಞಾನದಾನಂದಿನೀ ದೇವಿ: ಮುಂಬಯಿಯಲ್ಲಿ ರೂಪುಗೊಂಡ ಉಡುಗೆಯ ಕಥೆ

ಊರು ಬಿಟ್ಟು ಪರಸ್ಥಳದಲ್ಲಿ ಸಂಸಾರ ಹೂಡುವವರಿಗೆ ಮೊದಲು ಎದುರಾಗುವ ಚಿಂತೆಗಳು ಮೂರು: ವಸತಿ, ಊಟ ಮತ್ತು ಉಡುಗೆ. ಮೊದಲಿನ ಎರಡನ್ನು ಕುರಿತು ನಾವು ನಿತ್ಯವೂ ಮಾತಾಡುತ್ತೇವೆ. ಮೂರನೆಯದು ಹೆಂಗಸರ ಪಾಲಿನ ವಿಷಯವೆಂದು ಸುಮ್ಮನಿರುತ್ತೇವೆ. ಆದರೆ ತಕ್ಕ ಉಡುಗೆಯಿಲ್ಲದೆ ಹೊಸ್ತಿಲು ದಾಟಲಾರದೆ ಇದ್ದ ತರುಣಿಯೊಬ್ಬರು ಇದೇ ಮುಂಬಯಿಗೆ ಬಂದು, ನೆರೆಯವರನ್ನು ನೋಡಿ ಕಲಿತು, ತಮಗೆ ಬೇಕಾದುದನ್ನು ತಾವೇ ರೂಪಿಸಿಕೊಂಡರು. ಅದನ್ನು ಅನ್ಯರಿಗೂ ಕಲಿಸಿದರು. ಅವರೇ ಶ್ರೀಮತಿ ಜ್ಞಾನದಾನಂದಿನೀ ದೇವಿಯವರು. ಕವಿ ರವೀಂದ್ರನಾಥ ಠಾಕೂರರ ಅತ್ತಿಗೆಯವರೆಂದು ಅವರನ್ನು ಬಲ್ಲವರುಂಟು. ಇಂದು ನಮ್ಮ ತಾಯಂದಿರೂ ಸೋದರಿಯರೂ ಸೀರೆಯುಡುವ ಕ್ರಮದಲ್ಲಿ ಅವರ ಕೈವಾಡವೆಷ್ಟಿದೆ ಎಂಬುದನ್ನು ಬಲ್ಲವರು ವಿರಳ.

ಅವರು ಜನಿಸಿದ್ದು 1850ರಲ್ಲಿ, ಇಂದು ಬಾಂಗ್ಲಾದೇಶಕ್ಕೆ ಸೇರಿದ ಜೆಸೋರ್ ಸೀಮೆಯ ನರೇಂದ್ರಪುರವೆಂಬ ಹಳ್ಳಿಯಲ್ಲಿ. ಏಳೆಂಟು ವರ್ಷದ ಬಾಲೆಯಾಗಿರುವಾಗಲೇ ಕಲಕತ್ತೆಯ ಜೋಡಾಸಾಂಕೋದ ಠಾಕೂರ ಮನೆತನದ ಸೊಸೆಯಾದರು. ಪತಿ ಸತ್ಯೇಂದ್ರನಾಥರು ಮಹರ್ಷಿ ದೇವೇಂದ್ರನಾಥರ ದ್ವಿತೀಯ ಪುತ್ರರು. 1862ರಲ್ಲಿ ವಿಲಾಯತಿಗೆ ತೆರಳಿ, ಮರುವರ್ಷ ಐ.ಸಿ.ಎಸ್. ಪರೀಕ್ಷೆಯಲ್ಲಿ ಉತ್ತೀರ್ಣರಾದ ಪ್ರಥಮ ಭಾರತೀಯರು. ಪತ್ನಿಯನ್ನೂ ಅಲ್ಲಿಗೆ ಕರೆಸಿಕೊಳ್ಳಬೇಕೆಂದು ಅವರು ಬಹುವಾಗಿ ಬಯಸಿದರು, ತಂದೆಯವರು ಸಮ್ಮತಿಸಲಿಲ್ಲ. ಮೈದುನ ಹೇಮೇಂದ್ರನಾಥರಿಂದ ಆಕೆ ಮನೆಯೊಳಗೇ ಅಕ್ಷರಾಭ್ಯಾಸವನ್ನು ಮುಂದುವರಿಸಿದರು.

1864ರಲ್ಲಿ ಸತ್ಯೇಂದ್ರನಾಥರು ಸ್ವದೇಶಕ್ಕೆ ಮರಳಿದರು. ಅವರ ನೌಕರಿ ಮುಂಬಯಿ ಪ್ರಾಂತದಲ್ಲಿ ನಿಶ್ಚಿತವಾಯಿತು. ಪತ್ನಿಯನ್ನು ಸಂಗಡ ಕರೆದೊಯ್ಯಲು ಈ ಬಾರಿ ಒಪ್ಪಿಗೆ ದೊರೆಯಿತು. ಆಗ ಎದ್ದು ನಿಂತಿತು ಉಡುಗೆಯ ಸಮಸ್ಯೆ. ಆ ಕಾಲದ ವಂಗದೇಶದ ಕುಲೀನ ಗೃಹಿಣಿಯರು ಅಂತಃಪುರದಲ್ಲಿ ಒಂದೇ ಒಂದು ಸೀರೆಯನ್ನು ಮೈಗೆ ಸುತ್ತಿಕೊಳ್ಳುತ್ತಿದ್ದರು. ಒಳಗೆ ರವಿಕೆಯಾಗಲಿ ಲಂಗವಾಗಲಿ ಧರಿಸುವ ರೂಢಿಯಿರಲಿಲ್ಲ. ಹೊರಗೆ ಕಾಲಿಡದವರಿಗೆ ಅಷ್ಟೇ ಸಾಕಾಗಿತ್ತು. ಹಡಗಿನಲ್ಲಿ ಪರಪುರುಷರ ನಡುವೆ ಪ್ರಯಾಣ ಮಾಡುವವರಿಗೆ ಅದು ಸಾಲುವಂತಿರಲಿಲ್ಲ.

ಅವಸರದಲ್ಲಿ ಫ್ರೆಂಚ್ ಅಂಗಡಿಯೊಂದರಲ್ಲಿ ಪೌರ್ವಾತ್ಯ ಮಾದರಿಯದೆಂಬ ಒಂದು ಪೋಷಾಕನ್ನು ಹೊಲಿಸಲಾಯಿತು. ಅದನ್ನು ತೊಡುವುದು ಎಷ್ಟು ಪ್ರಯಾಸಕರವಾಗಿತ್ತೆಂದರೆ ಆಕೆಗೆ ಪತಿಯ ಸಹಾಯವಿಲ್ಲದೆ ತೊಡಲಾಗುತ್ತಿರಲಿಲ್ಲ. ಮನೆಯ ಸೊಸೆ ಹೊರಂಗಳವನ್ನು ನಡೆದು ದಾಟುವುದು ಸಲ್ಲದೆಂದು, ಆಕೆಯನ್ನು ಪಲ್ಲಕ್ಕಿಯಲ್ಲಿಯೇ ಹಡಗಿನವರೆಗೆ ಹೊತ್ತೊಯ್ದರು. ಬೆಲೆಯುಳ್ಳ ಪೋಷಾಕು ಮೈಮೇಲಿತ್ತು. ಆದರೆ ನಾಲ್ಕು ಹೆಜ್ಜೆ ನಡೆಯುವ ಸ್ವಾತಂತ್ರ್ಯ ಅದರಿಂದ ಬರಲಿಲ್ಲ.

ಮುಂಬಯಿಯಲ್ಲಿ ಆ ದಂಪತಿಗಳಿಗೆ ಆಶ್ರಯವಿತ್ತವರು ಪಾರ್ಸಿ ಮುಖಂಡರಾದ ಮಾಣೆಕ್‌ಜಿ ಕರ್ಸೆಟ್‌ಜಿಯವರು. 1863ರಲ್ಲಿ ಅಲೆಕ್ಸಾಂಡ್ರಾ ಬಾಲಿಕಾ ವಿದ್ಯಾಲಯವನ್ನು ಸ್ಥಾಪಿಸಿದ ಸುಧಾರಕರಿವರು. ಆ ಮನೆಯ ಹೆಣ್ಣುಮಕ್ಕಳು ಪರದೆಯಿಲ್ಲದೆ ಅತಿಥಿಗಳೊಡನೆ ಮಾತಾಡುತ್ತಿದ್ದರು, ಪೇಟೆಗೂ ಹೋಗಿಬರುತ್ತಿದ್ದರು. ಅವರು ಸೀರೆಯನ್ನೇ ಉಡುತ್ತಿದ್ದರೂ ಒಳಗೆ ಹೊಲಿದ ಉಡುಪುಗಳಿರುತ್ತಿದ್ದುವು. ಜ್ಞಾನದಾನಂದಿನಿಯವರು ಇದನ್ನು ಗಮನವಿಟ್ಟು ನೋಡಿದರು. ನಾಚಿಕೆಯಿಂದ ಮಾತೇ ಹೊರಡದಿದ್ದ ಹದಿನಾಲ್ಕರ ವಯಸ್ಸಿನ ಆ ಸೊಸೆಗೆ ಪಾರ್ಸಿಗಳ ಮನೆಯೇ ಪಾಠಶಾಲೆಯಾಯಿತು.

ಕಂಡುದನ್ನು ಕಂಡಂತೆಯೇ ಅನುಕರಿಸಿದ್ದರೆ ಅವರ ಹೆಸರು ಉಳಿಯುತ್ತಿರಲಿಲ್ಲ. ಪಾರ್ಸಿ ಮಹಿಳೆಯರು ಸೆರಗನ್ನು ಬಲ ಹೆಗಲ ಮೇಲಿಂದ ತರುತ್ತಿದ್ದರು. ಇವರು ಅದನ್ನು ಎಡ ಹೆಗಲಿಗೆ ಬದಲಾಯಿಸಿ, ಕೆಲಸ ಮಾಡುವ ಬಲಗೈಯನ್ನು ಬಿಡುವಾಗಿರಿಸಿದರು. ಸೀರೆಯೊಳಗೆ ಲಂಗವನ್ನೂ, ಮೇಲಕ್ಕೆ ರವಿಕೆಯನ್ನೂ ಕೂಡಿಸಿದರು. ಇವುಗಳ ಪ್ರಯೋಜನವನ್ನು ಹೊಲಿಗೆ ಬಲ್ಲವರು ಒಡನೆಯೇ ಗ್ರಹಿಸುವರು. ಸೊಂಟಕ್ಕೆ ಲಾಡಿಯಿಂದ ಬಿಗಿದ ಲಂಗವು ನೆರಿಗೆಗಳಿಗೆ ಆಧಾರವಾಗುತ್ತದೆ. ನಡೆಯುವಾಗ, ಮೆಟ್ಟಿಲೇರುವಾಗ ಸೀರೆ ಸಡಿಲುವ ಭಯವಿಲ್ಲ. ರವಿಕೆ ಮೈಗೆ ಸರಿಯಾಗಿ ಕೂತರೆ ಸೆರಗನ್ನು ಹಿಡಿದೇ ಇರಬೇಕಾದ ಕಷ್ಟವಿಲ್ಲ. ಲಂಗಕ್ಕೆ ನೇರ ಹೊಲಿಗೆ, ಮಡಚಿದ ಅಂಚು, ಲಾಡಿ ತೂರಿಸುವ ಪಟ್ಟಿ, ಇಷ್ಟಿದ್ದರೆ ಸಾಕು. ಫ್ರೆಂಚ್ ಅಂಗಡಿಯ ನೆರವು ಬೇಡದ, ಸೂಜಿದಾರವಿರುವ ಯಾವ ಮನೆಯಲ್ಲಿಯೂ ಸಿದ್ಧವಾಗಬಲ್ಲ ಉಡುಗೆಯಿದು. ಅಂದವೂ ಇತ್ತು, ಮರ್ಯಾದೆಯೂ ಇತ್ತು, ಖರ್ಚೂ ಮಿತವಾಗಿತ್ತು.

1866ರಲ್ಲಿ ಕಲಕತ್ತೆಗೆ ಮರಳಿದಾಗ ಅವರು ಪಲ್ಲಕ್ಕಿಯನ್ನು ಹತ್ತಲಿಲ್ಲ. ಮನೆಯ ಬಾಗಿಲಲ್ಲಿ ಗಾಡಿಯಿಂದಿಳಿದು ನಡೆದೇ ಒಳಗೆ ಬಂದರು. ಮನೆಮಂದಿ ದಿಗ್ಭ್ರಾಂತರಾದರು. ಅದೇ ವರ್ಷ ವೈಸರಾಯರ ಭವನದ ಸಮಾರಂಭಕ್ಕೆ ಅವರು ಹೋದಾಗ, ಅಲ್ಲಿದ್ದ ಕೆಲವರು ಅವರನ್ನು ಭೋಪಾಲದ ಬೇಗಂ ಎಂದೇ ಭಾವಿಸಿದರಂತೆ. ಬಂಧುಗಳಾದ ಪ್ರಸನ್ನಕುಮಾರ ಠಾಕೂರರು, ತಮ್ಮ ಕುಲದ ವಧುವನ್ನು ತುಂಬಿದ ಸಭೆಯಲ್ಲಿ ಕಂಡು, ಲಜ್ಜೆಯಿಂದ ಅಲ್ಲಿಂದ ಹೊರಟೇಹೋದರು. ಸ್ವಂತ ಮನೆಯಲ್ಲಿಯೇ ಬಹುಕಾಲ ಅನೇಕರು ಆಕೆಯಿಂದ ದೂರವಿದ್ದರು. ಒಂದು ಉಡುಗೆಗಾಗಿ ತೆತ್ತ ಬೆಲೆ ಅಲ್ಪವಾದುದಲ್ಲ.

ಅವರು ಹಿಂಜರಿಯಲಿಲ್ಲ. ಬಾಮಾಬೋಧಿನೀ ಎಂಬ ಮಹಿಳಾ ಪತ್ರಿಕೆಯ ಮೂಲಕ, ಈ ರೀತಿಯ ಸೀರೆಯುಡುವುದನ್ನು ಕಲಿಯಬಯಸುವ ಸೋದರಿಯರಿಗೆ ತಾವು ಕಲಿಸುವುದಾಗಿ ಪ್ರಕಟಿಸಿದರು. ಅಧಿಕಾರಿ ಬಿಹಾರಿಲಾಲ ಗುಪ್ತರ ಪತ್ನಿ ಸೌದಾಮಿನಿಯವರು ಮೊದಲು ಕಲಿತವರಲ್ಲಿ ಒಬ್ಬರು. ಬ್ರಹ್ಮಸಮಾಜದ ಮಹಿಳೆಯರು ಸ್ವೀಕರಿಸಿದ ಕಾರಣ ಇದಕ್ಕೆ ಬ್ರಾಹ್ಮಿಕಾ ಸೀರೆಯೆಂದು ಹೆಸರಾಯಿತು. ಇನ್ನು ಕೆಲವರು ಮುಂಬಯಿಯ ಪದ್ಧತಿಯೆಂದೇ ಕರೆದರು. ಮುಂದೆ ಕೂಚ್ ಬಿಹಾರದ ಮಹಾರಾಣಿ ಸುನೀತಿ ದೇವಿಯವರಂಥವರು ಇದನ್ನು ಇನ್ನಷ್ಟು ತಿದ್ದಿದರು. ಹೀಗೆ ಹಲವರ ಕೈಯಿಂದ ಬೆಳೆದು ಇಂದಿನ ರೂಪ ಸಿದ್ಧಿಸಿತು.

ಕನ್ನಡಿಗರಾದ ನಮಗೆ ಈ ಚರಿತ್ರೆಯಲ್ಲಿ ಬೇರೊಂದು ಅಭಿಮಾನವೂ ಉಂಟು. ಸತ್ಯೇಂದ್ರನಾಥರ ನೌಕರಿ ನಮ್ಮ ಸೀಮೆಯಲ್ಲಿಯೂ ನಡೆಯಿತು. ಅವರ ಪುತ್ರಿ ಇಂದಿರಾ ದೇವಿಯವರು 1873ರ ಡಿಸೆಂಬರ್ 29ರಂದು ಹುಟ್ಟಿದ್ದು ಕಲಾದಗಿಯಲ್ಲಿ. ಆ ನಾಡಿನದೇ ಗುಳೇದಗುಡ್ಡದ ಖಣದ ಕುಪ್ಪಸ ತೊಡುವ ನಮ್ಮ ಹೆಂಗಸರಿಗೆ ಹೊಲಿದ ರವಿಕೆ ಹೊಸತಾಗಿರಲಿಲ್ಲ. ವಂಗದೇಶದಲ್ಲಿ ಕೋಲಾಹಲವೆಬ್ಬಿಸಿದ ವಸ್ತು ಇಲ್ಲಿ ಹೊಲಗೆಲಸದವಳ ಮೈಮೇಲೂ ಇತ್ತು. ಮುಂದೆ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದರು. 1883ರಲ್ಲಿ ತರುಣ ರವೀಂದ್ರನಾಥರು ಅಣ್ಣ ಅತ್ತಿಗೆಯರ ಬಳಿಗೆ ಬಂದು, ಆ ಕಡಲತೀರದಲ್ಲಿದ್ದಾಗ ಪ್ರಕೃತಿರ್ ಪ್ರತಿಶೋಧ ನಾಟಕವನ್ನು ರಚಿಸಿದರು. ಇಂದು ಆ ತೀರಕ್ಕೆ ಅವರದೇ ಹೆಸರಿದೆ.

ಜ್ಞಾನದಾನಂದಿನಿಯವರ ಸಾಹಸ ಉಡುಗೆಯಲ್ಲಿಯೇ ಮುಗಿಯಲಿಲ್ಲ. 1877ರಲ್ಲಿ ಪತಿಯು ಸಂಗಡವಿಲ್ಲದೆ ಎಳೆಯ ಮಕ್ಕಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದರು. ಅಲ್ಲಿ ಪುತ್ರಶೋಕವನ್ನೂ ಸಹಿಸಿದರು. 1885ರಲ್ಲಿ ಬಾಲಕ್ ಎಂಬ ಮಕ್ಕಳ ಪತ್ರಿಕೆಯನ್ನು ಹೊರಡಿಸಿ ತಾವೇ ಸಂಪಾದಕಿಯಾದರು. ಮಕ್ಕಳಿಗಾಗಿ ನಾಟಕಗಳನ್ನು ಬರೆದರು. 1923ರಲ್ಲಿ ಪತಿವಿಯೋಗವಾಯಿತು. 1941ರಲ್ಲಿ, ಮೈದುನ ರವೀಂದ್ರರು ಅಗಲಿದ ಎರಡು ತಿಂಗಳೊಳಗೆ, ತೊಂಬತ್ತೊಂದರ ವಯಸ್ಸಿನಲ್ಲಿ ಅವರೂ ತೀರಿಕೊಂಡರು.

ಥಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿಯೂ ನವಿಮುಂಬಯಿಯಲ್ಲಿಯೂ ನೆಲೆಸಿದ ನಮ್ಮವರ ಚಿಕ್ಕ ಮನೆಗಳಲ್ಲಿ ಹೊಲಿಗೆಯ ಯಂತ್ರಕ್ಕೆ ಒಂದು ಮೂಲೆ ದೊರೆತಿರುವುದನ್ನು ವಾಚಕರು ಬಲ್ಲರು. ಗಂಡ ಹೋಟೆಲಿನಲ್ಲಿಯೋ ಕಚೇರಿಯಲ್ಲಿಯೋ ದುಡಿಯುವಾಗ, ಮಧ್ಯಾಹ್ನದ ವೇಳೆ ಗೃಹಿಣಿಯು ಹೊಲಿಯುವ ರವಿಕೆಯಲ್ಲಿ, ಮಗಳ ಫ್ರಾಕಿನಲ್ಲಿ ದರ್ಜಿಗೆ ತೆರಬೇಕಾದ ಹಣ ಉಳಿಯುವುದು ನಿಜ. ಅದಕ್ಕಿಂತ ಮಿಗಿಲಾದ ಲಾಭವೊಂದುಂಟು. ಹೊಸ ಊರಿನಲ್ಲಿ ನಾಲ್ವರ ಎದುರು ಸಂಕೋಚವಿಲ್ಲದೆ ನಿಲ್ಲುವ, ಕಿಕ್ಕಿರಿದ ಲೋಕಲ್ ಗಾಡಿಯನ್ನು ನಿರ್ಭಯವಾಗಿ ಏರುವ ಧೈರ್ಯವನ್ನು ತಕ್ಕ ಉಡುಗೆ ಕೊಡುತ್ತದೆ. ಜ್ಞಾನದಾನಂದಿನಿಯವರು ಆ ಧೈರ್ಯವನ್ನು ತಮಗಾಗಿ ಮಾತ್ರ ಇರಿಸಿಕೊಳ್ಳದೆ, ಕೇಳಿದವರಿಗೆಲ್ಲ ಹಂಚಿದರು. ಕತ್ತರಿಸಲು, ಹೊಲಿಯಲು ಬಲ್ಲ ನಮ್ಮ ಸೋದರಿಯರು, ಊರಿನಿಂದ ಹೊಸದಾಗಿ ಬಂದ ನೆರೆಮನೆಯ ಸೊಸೆಗೆ ಒಂದು ರವಿಕೆಯ ಅಳತೆಯನ್ನಾದರೂ ಕಲಿಸಿಕೊಟ್ಟರೆ, ಆ ಮಹಾತಾಯಿಯ ಸ್ಮರಣೆ ಸಾರ್ಥಕವಾದೀತು.