ಕಬ್ಬಿಣ ಹುಡುಕಲು ಹೋಗಿ ಸಿನಿಮಾ ತಂದವನು

ನೆಲದೊಳಗಿನ ಲೋಹ ನಂಬಿ ಬದುಕಿದವರ ಕಥೆ ಕೋಲಾರದ ಕಡೆಯವರಿಗೆ ಹೊಸದಲ್ಲ. ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿತು. ಆದರೂ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಿಂದ ಬಸ್ ಹತ್ತಿ ಬರುವ ನಮ್ಮ ಕ್ಲಾಸಿನವರ ಮಾತಿನಲ್ಲಿ ಗಣಿ ಈಗಲೂ ಬಂದುಹೋಗುತ್ತದೆ. ಅದಕ್ಕೇ ಇರಬೇಕು, ರಾಬರ್ಟ್ ಫ್ಲಾಹರ್ಟಿಯ ಬದುಕನ್ನು ಓದಿದಾಗ ಆತ ಪರದೇಶದವನು ಅನ್ನಿಸಲೇ ಇಲ್ಲ. ಸಾಕ್ಷ್ಯಚಿತ್ರದ ಪಿತಾಮಹ ಎನ್ನಿಸಿಕೊಂಡ ಈತ ಮೊದಲು ಮಾಡುತ್ತಿದ್ದದ್ದು ಅದಿರು ಹುಡುಕುವ ಕೆಲಸ.

1884ರಲ್ಲಿ ಅಮೆರಿಕದ ಐರನ್ ಮೌಂಟನ್ ಎಂಬ ಗಣಿ ಊರಿನಲ್ಲಿ ಹುಟ್ಟಿದ. ಅಪ್ಪ ಗಣಿ ಎಂಜಿನಿಯರ್. ಮಗನೂ ಗಣಿ ಕಾಲೇಜು ಸೇರಿದ. ವರ್ಷ ತುಂಬುವ ಮೊದಲೇ ಕಾಲೇಜು ಅವನನ್ನು ಹೊರಗೆ ಕಳಿಸಿತು. ಬ್ಯಾಕ್‌ಲಾಗ್ ಇರುವವರು ಇದನ್ನೋದಿ ಖುಷಿಪಡಬೇಕಾಗಿಲ್ಲ, ಅಪ್ಪನ ಜೊತೆ ಕಾಡು ಅಲೆದು ಕಲಿತ ವಿದ್ಯೆ ಆಗಲೇ ಅವನ ಕೈಲಿತ್ತು.

1910ರಲ್ಲಿ ಕೆನಡಾದ ರೈಲ್ವೆ ಉದ್ಯಮಿ ವಿಲಿಯಂ ಮೆಕೆಂಜಿ ಅವನನ್ನು ಹಡ್ಸನ್ ಕೊಲ್ಲಿಗೆ ಕಬ್ಬಿಣದ ಅದಿರು ಹುಡುಕಲು ಕಳಿಸಿದ. ಅದಿರು ಸಿಕ್ಕಿತು, ಆದರೆ ತೆಗೆದರೆ ಲಾಭ ಬರುವಂಥದ್ದಲ್ಲ. ಮತ್ತೆ ಹೊರಟಾಗ ಕ್ಯಾಮೆರಾ ಒಯ್ಯುವಂತೆ ಮೆಕೆಂಜಿಯೇ ಸೂಚಿಸಿದ. ಫ್ಲಾಹರ್ಟಿ ಕಲಿತದ್ದು ಮೂರು ವಾರದ ಕೋರ್ಸ್, ಅಷ್ಟೇ. ಹಿಮದಲ್ಲಿ ಅಲೆದು ಚಿತ್ರಿಸಿದ ಫಿಲ್ಮನ್ನು 1916ರಲ್ಲಿ ಟೊರಾಂಟೊದಲ್ಲಿ ಜೋಡಿಸುತ್ತಿದ್ದಾಗ ಅವನ ಸಿಗರೇಟಿನ ಕಿಡಿ ಬಿತ್ತು. ಆಗಿನ ನೈಟ್ರೇಟ್ ಫಿಲ್ಮ್ ಮದ್ದಿನಂತೆ ಉರಿಯುವಂಥದ್ದು. ಸುಮಾರು 30,000 ಅಡಿ ನೆಗೆಟಿವ್ ಬೂದಿಯಾಯಿತು, ಅವನೂ ಸುಟ್ಟುಕೊಂಡ.

ಉಳಿದಿದ್ದ ಒಂದು ಪ್ರಿಂಟನ್ನು ಜನರಿಗೆ ತೋರಿಸಿ ನೋಡಿದ. ಅವನಿಗೇ ಹಿಡಿಸಲಿಲ್ಲ. ಅದರಲ್ಲಿ ಊರುಗಳಿದ್ದವು, ಮನುಷ್ಯನಿರಲಿಲ್ಲ. ಒಂದೇ ಕುಟುಂಬವನ್ನು ಹಿಡಿದು ಹೊಸದಾಗಿ ಶುರುಮಾಡಬೇಕೆಂದುಕೊಂಡ. ತುಪ್ಪಳ ವ್ಯಾಪಾರದ ರೆವಿಯೋಂ ಕಂಪನಿ ಹಣ ಕೊಡುವ ಹೊತ್ತಿಗೆ 1920 ಬಂದಿತ್ತು.

ಎಂಜಿನಿಯರಿಂಗ್ ಓದುವವರಿಗೆ ಇಲ್ಲಿಂದ ಮುಂದಿನದು ಹಬ್ಬ. ಕೆನಡಾದ ಉತ್ತರದಲ್ಲಿ ಚಳಿಗೆ ಫಿಲ್ಮ್ ಗಾಜಿನಂತೆ ಮುರಿಯುತ್ತಿತ್ತು. ತೆಗೆದದ್ದನ್ನು ಅಲ್ಲೇ ತೊಳೆದು ಪ್ರಿಂಟ್ ಮಾಡಬೇಕು. ವಿದ್ಯುತ್ ದೀಪದ ಬೆಳಕು ಏರಿಳಿಯುತ್ತಿದ್ದುದರಿಂದ ಕಿಟಕಿ ಮುಚ್ಚಿ, ಫಿಲ್ಮಿನ ಒಂದು ಚೌಕಟ್ಟಿನಷ್ಟು ಕಿಂಡಿ ಬಿಟ್ಟು, ಬಿಸಿಲಿನಲ್ಲೇ ಪ್ರಿಂಟ್ ಹಾಕಿದ. ತೊಳೆಯುವ ನೀರನ್ನು ಹಿಮಗಟ್ಟೆಯಲ್ಲಿ ಕೊರೆದ ತೂತಿನಿಂದ ಇನ್ಯೂಟ್ ಜನರೇ ಹೊತ್ತು ತಂದರು. ಅವರ ತೊಗಲಿನ ಉಡುಪಿನಿಂದ ಉದುರಿದ ಕೂದಲನ್ನು ನೀರಿನಿಂದ ಸೋಸಿ ತೆಗೆಯುವುದೇ ಒಂದು ಕೆಲಸ. ಈ ಜನ ಚಿತ್ರದ ನಟರೂ ಹೌದು, ತಂತ್ರಜ್ಞರೂ ಹೌದು.

1922ರಲ್ಲಿ ‘ನಾನೂಕ್ ಆಫ್ ದಿ ನಾರ್ತ್’ ತೆರೆಕಂಡು ಜಗತ್ತು ಬೆರಗಾಯಿತು. ಆದರೆ ನಾಯಕನ ನಿಜವಾದ ಹೆಸರು ಅಲ್ಲಕರಿಯಲ್ಲಕ್. ಬಂದೂಕು ಬಳಸುತ್ತಿದ್ದವರ ಕೈಗೆ ಈಟಿ ಕೊಟ್ಟು ಬೇಟೆಯಾಡಿಸಲಾಗಿತ್ತು. ಮಂಜಿನ ಮನೆಯೊಳಗೆ ಬೆಳಕು ಸಾಲದೆ ಅರ್ಧ ಮನೆ ತೆಗೆದು, ಆ ಚಳಿಯಲ್ಲೇ ಮಲಗಿ ಏಳುವಂತೆ ಮಾಡಿದ. ಅಳಿದುಹೋಗುತ್ತಿದ್ದ ಬದುಕನ್ನು ಉಳಿಸಲು ಹೀಗೆ ಮಾಡಿದನೆಂದು ಸಮರ್ಥಿಸುವವರಿದ್ದಾರೆ. ಈಟಿಯ ವಿಷಯದಲ್ಲಿ ನಾನು ಒಪ್ಪಿಯೇನು. ಇದ್ದ ಬಂದೂಕನ್ನು ನೋಡುಗನಿಂದ ಮುಚ್ಚಿಟ್ಟದ್ದನ್ನು ಒಪ್ಪಲಾರೆ.

ಆಮೇಲೆ ಸಮೋವಾ ದ್ವೀಪದಲ್ಲಿ ‘ಮೋವಾನಾ’, ಐರ್ಲೆಂಡ್ ಕಡಲಲ್ಲಿ ‘ಮ್ಯಾನ್ ಆಫ್ ಆರನ್’. 1935ರಲ್ಲಿ ಬಂದದ್ದು ನಮ್ಮ ಮೈಸೂರಿಗೆ! ಕಿಪ್ಲಿಂಗ್ ಕಥೆಯೊಂದನ್ನು ‘ಎಲಿಫೆಂಟ್ ಬಾಯ್’ ಚಿತ್ರ ಮಾಡಲು ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೊರ್ಡಾ ಕಳಿಸಿದ್ದ. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್ ಆನೆಗಳನ್ನು ಒದಗಿಸಿದರು. ನಾಯಕನಾಗಿ ಸಿಕ್ಕಿದ್ದು ಕಾರಾಪುರದ ಮಾವುತನ ಮಗ, ತಂದೆ ಕಳೆದುಕೊಂಡಿದ್ದ ಹುಡುಗ ಸಾಬು. ಫ್ಲಾಹರ್ಟಿ ತನ್ನ ಅಭ್ಯಾಸದಂತೆ ತಿಂಗಳುಗಟ್ಟಲೆ ಕಾಡಿನಲ್ಲಿ ರೀಲು ಸುತ್ತಿದ. ಖರ್ಚು ಏರಿದ್ದು ನೋಡಿ ಕೊರ್ಡಾ ತಂಡವನ್ನು ವಾಪಸ್ ಕರೆಸಿದ. ತಮ್ಮ ಜೋಲ್ಟಾನ್ ಸ್ಟುಡಿಯೊದಲ್ಲಿ ಉಳಿದ ಭಾಗ ಮುಗಿಸಿದ. 1937ರಲ್ಲಿ ವೆನಿಸ್ ಉತ್ಸವದ ನಿರ್ದೇಶನ ಪ್ರಶಸ್ತಿ ಇಬ್ಬರಿಗೂ ಸೇರಿ ಬಂತು. ಸಾಬು ಲಂಡನ್ನಿಗೆ, ಅಲ್ಲಿಂದ ಹಾಲಿವುಡ್‌ಗೆ ಹೋದ.

ಫ್ಲಾಹರ್ಟಿ 1951ರಲ್ಲಿ ತೀರಿಕೊಂಡ. ಅವನು ಅದಿರು ಹುಡುಕಿದ ಬೆಲ್ಚರ್ ದ್ವೀಪಗಳಲ್ಲಿ ಅತಿ ದೊಡ್ಡದಕ್ಕೆ ಅವನದೇ ಹೆಸರಿದೆ. ‘ನಾನೂಕ್’ ಈಗ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ, ಒಂದೂವರೆ ಗಂಟೆಯೂ ಇಲ್ಲ. ಆಪ್ಟಿಟ್ಯೂಡ್ ಪುಸ್ತಕ ಮಡಚಿಟ್ಟು ಒಂದು ಸಂಜೆ ನೋಡಿ. ಮಂಜಿನ ಮನೆಯೊಳಗಿನ ದೃಶ್ಯ ಬಂದಾಗ ಬೆಳಕು ಯಾವ ಕಡೆಯಿಂದ ಬೀಳುತ್ತಿದೆ ಎಂದು ಗಮನಿಸಿ.